ಹೇಳಲು ನಾಚುವ ಒಂದು ಅಳತೆ

ದೇಹದ ಅಳತೆಗಳಲ್ಲಿ ಕೆಲವು ನಮಗೆ ಮನೆಮಾತಾಗಿವೆ. ಜ್ವರ ಬಂದರೆ ಉಷ್ಣತೆ ಎಷ್ಟೆಂದು ಕೇಳುತ್ತೇವೆ. ನಾಡಿಯ ಬಡಿತವನ್ನು ಎಣಿಸುತ್ತೇವೆ. ರಕ್ತದೊತ್ತಡದ ಎರಡು ಸಂಖ್ಯೆಗಳನ್ನು ಹಿರಿಯರು ಜಗುಲಿಯ ಮೇಲೆ ಕುಳಿತು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ರಕ್ತದಲ್ಲಿರುವ ಸಕ್ಕರೆಯ ಪ್ರಮಾಣವಂತೂ ಮದುವೆಯ ಪಂಕ್ತಿಯಲ್ಲಿಯೂ ಚರ್ಚೆಗೆ ಬರುವುದುಂಟು. ಆದರೆ ಅದೇ ದೇಹವು ದಿನದಿನವೂ ಹಲವು ಬಾರಿ ತಪ್ಪದೆ ನಡೆಸುವ ಒಂದು ಕ್ರಿಯೆಯ ಅಳತೆಯನ್ನು ಕುರಿತು ನಾವು ಬಾಯಿಬಿಡುವುದಿಲ್ಲ. ಮೂತ್ರವು ಎಷ್ಟು ವೇಗವಾಗಿ ಹರಿದುಹೋಗುತ್ತದೆ? ಆರೋಗ್ಯವಂತಳಾದ ಸ್ತ್ರೀಯಲ್ಲಿ ಆ ಹರಿವಿನ ಸಹಜ ಪ್ರಮಾಣವೆಷ್ಟು? ಈ ಪ್ರಶ್ನೆಯನ್ನು ಕೇಳಿದೊಡನೆ ಕೆಲವರು ಮುಖ ತಿರುಗಿಸಬಹುದು, ಕೆಲವರು ನಗಬಹುದು. ಎರಡಕ್ಕೂ ಕಾರಣವಿಲ್ಲವೆಂದೂ, ಈ ಮೌನದಿಂದ ನಷ್ಟವಾಗಿರುವುದು ಮುಖ್ಯವಾಗಿ ಸ್ತ್ರೀಯರಿಗೆಂದೂ ತೋರಿಸುವುದೇ ಈ ಲೇಖನದ ಉದ್ದೇಶ.

“ಇದು ವೈದ್ಯರ ವಿಷಯ, ಭೌತವಿಜ್ಞಾನದ ಅಧ್ಯಾಪಕರಿಗೆ ಇಲ್ಲೇನು ಕೆಲಸ?” ಎಂದು ವಾಚಕರು ಕೇಳಬಹುದು. ದ್ರವವೊಂದು ನಾಳದ ಮೂಲಕ ಹರಿಯುವಾಗ ಅದು ಕಾಲುವೆಯ ನೀರೋ, ರಕ್ತವೋ, ಮೂತ್ರವೋ ಎಂದು ನೋಡಿ ಪ್ರಕೃತಿಯು ತನ್ನ ನಿಯಮಗಳನ್ನು ಬದಲಾಯಿಸುವುದಿಲ್ಲ. ಈ ವಿಷಯದ ಪ್ರಸಿದ್ಧ ಗ್ರಂಥಗಳಲ್ಲೊಂದು ೧೯೮೦ರಲ್ಲಿ ವೈದ್ಯಕೀಯ ಭೌತವಿಜ್ಞಾನದ ಗ್ರಂಥಮಾಲೆಯಲ್ಲಿಯೇ ಪ್ರಕಟವಾಯಿತು. ಡೆರೆಕ್ ಗ್ರಿಫಿತ್ಸ್ ಎಂಬುವರು ಬರೆದ ಆ ಗ್ರಂಥದ ಹೆಸರಿನಲ್ಲಿ ಯಂತ್ರಶಾಸ್ತ್ರ, ದ್ರವಗತಿಶಾಸ್ತ್ರ ಎಂಬ ಎರಡು ಮಾತುಗಳೂ ಸೇರಿವೆ. ಆದುದರಿಂದ ನಮ್ಮ ತರಗತಿಯ ಪಾಠಕ್ಕೂ ಈ ವಿಷಯಕ್ಕೂ ಇರುವ ನಂಟು ದೂರದ್ದಲ್ಲ.

ಮೊದಲು ಯಂತ್ರದ ರಚನೆಯನ್ನು ನೋಡೋಣ. ಎರಡು ಮೂತ್ರಪಿಂಡಗಳು ಹಗಲಿರುಳೂ ರಕ್ತವನ್ನು ಸೋಸಿ, ನಿಮಿಷಕ್ಕೆ ಸುಮಾರು ೧ ಮಿಲಿಲೀಟರಿನಂತೆ ಮೂತ್ರವನ್ನು ಕೆಳಗಿನ ಮೂತ್ರಾಶಯಕ್ಕೆ ಇಳಿಸುತ್ತಿರುತ್ತವೆ. ಮೂತ್ರಾಶಯವು ಸ್ನಾಯುವಿನಿಂದಾದ ಚೀಲ. ವಯಸ್ಕರಲ್ಲಿ ಸುಮಾರು ೪೦೦ ರಿಂದ ೫೦೦ ಮಿಲಿಲೀಟರು ಹಿಡಿಯುತ್ತದೆ. ಅದರ ಬಾಯನ್ನು ಬಿಗಿಹಿಡಿದಿರುವ ಸ್ನಾಯುಗಳು ಸಡಿಲವಾಗಿ, ಚೀಲದ ಗೋಡೆ ಸಂಕುಚಿಸಿದಾಗ ಮೂತ್ರವು ಹೊರನಾಳದ ಮೂಲಕ ಹರಿಯುತ್ತದೆ. ಈ ಹೊರನಾಳವು ಸ್ತ್ರೀಯರಲ್ಲಿ ೩ ರಿಂದ ೪ ಸೆಂಟಿಮೀಟರು ಮಾತ್ರ ಉದ್ದವಾಗಿದ್ದರೆ, ಪುರುಷರಲ್ಲಿ ಸುಮಾರು ೨೦ ಸೆಂಟಿಮೀಟರು ಉದ್ದವಾಗಿರುತ್ತದೆ. ಸೆಕೆಂಡಿಗೆ ೨೦ ಮಿಲಿಲೀಟರಿನಂತೆ ಹೊರಹರಿವು ನಡೆಯಿತೆಂದರೆ ತುಂಬುವ ವೇಗಕ್ಕಿಂತ ಬರಿದಾಗುವ ವೇಗವು ೧೨೦೦ ಪಟ್ಟು ಹೆಚ್ಚು! ಗಂಟೆಗಟ್ಟಲೆ ಹನಿಹನಿಯಾಗಿ ಕೂಡಿದ್ದು ಕೆಲವೇ ಸೆಕೆಂಡುಗಳಲ್ಲಿ ಖಾಲಿಯಾಗುತ್ತದೆ.

ಬರ್ನೂಲಿಯ ಸಮೀಕರಣವನ್ನು ಓದಿರುವ ವಿದ್ಯಾರ್ಥಿಗಳು ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಬಹುದು. ೨೦ ಸೆಂಟಿಮೀಟರು ಎತ್ತರದ ನೀರಿನ ಕಂಬಕ್ಕೆ ಸಮನಾದ ಒತ್ತಡವು ದ್ರವವನ್ನು ನೂಕುತ್ತಿದೆಯೆಂದು ಭಾವಿಸೋಣ. ಘರ್ಷಣೆಯನ್ನು ಬಿಟ್ಟರೆ, ಆ ಒತ್ತಡದಿಂದ ದೊರೆಯುವ ವೇಗವು ಸೆಕೆಂಡಿಗೆ ಸುಮಾರು ೨ ಮೀಟರು. ಸೆಕೆಂಡಿಗೆ ೨೦ ಘನ ಸೆಂಟಿಮೀಟರು ಹರಿಯಬೇಕಾದರೆ ದಾರಿಯ ಅಡ್ಡಕೊಯ್ತದ ವಿಸ್ತೀರ್ಣವು ೦.೧ ಚದರ ಸೆಂಟಿಮೀಟರು, ಅಂದರೆ ವ್ಯಾಸವು ಸುಮಾರು ಮೂರೂವರೆ ಮಿಲಿಮೀಟರು ಇರಬೇಕಾಗುತ್ತದೆ. ದೇಹದ ನಾಳವು ಗಾಜಿನ ಕೊಳವೆಯಲ್ಲ, ಅದು ಹಿಗ್ಗುತ್ತದೆ, ಕುಗ್ಗುತ್ತದೆ, ಘರ್ಷಣೆಯೂ ಇದೆ ಎಂಬುದು ನಿಜ. ಆದರೂ ಒತ್ತಡ, ವೇಗ, ವಿಸ್ತೀರ್ಣಗಳ ಪರಸ್ಪರ ಸಂಬಂಧವು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಈ ಹರಿವನ್ನು ಅಳೆಯುವ ಬಗೆ ಹೇಗೆ? ಅಮೆರಿಕದ ವೈದ್ಯ ವಿಲಾರ್ಡ್ ಡ್ರೇಕ್ ಎಂಬುವರು ೧೯೪೮ರಲ್ಲಿ ಒಂದು ಉಪಕರಣವನ್ನು ವರ್ಣಿಸಿದರು. ಮೂತ್ರವನ್ನು ಸಂಗ್ರಹಿಸುವ ಪಾತ್ರೆಯ ತೂಕ ಏರಿದಂತೆಲ್ಲ ಲೇಖನಿಯೊಂದು ಚಲಿಸುವ ಕಾಗದದ ಮೇಲೆ ಗೆರೆಯನ್ನು ಎಳೆಯುತ್ತಿತ್ತು. ಆ ಗೆರೆಯ ಇಳಿಜಾರು ಎಷ್ಟು ಕಡಿದೋ ಹರಿವು ಅಷ್ಟು ವೇಗ. ೧೯೫೬ರಲ್ಲಿ ಸ್ವೀಡನ್ನಿನ ಬೆಂಗ್ಟ್ ಫಾನ್ ಗಾರೆಲ್ಟ್ಸ್ ಎಂಬುವರು ಎತ್ತರದ ಪಾತ್ರೆಯ ತಳದಲ್ಲಿ ದ್ರವದ ಒತ್ತಡವನ್ನು ಅಳೆದು, ವಿದ್ಯುತ್ ಸಲಕರಣೆಯ ನೆರವಿನಿಂದ ಹರಿವಿನ ವೇಗವನ್ನು ನೇರವಾಗಿ ಬರೆಯಿಸುವ ಏರ್ಪಾಟನ್ನು ಪ್ರಕಟಿಸಿದರು. ಇಂದಿನ ಆಸ್ಪತ್ರೆಗಳಲ್ಲಿ ಎರಡು ಬಗೆಯ ಉಪಕರಣಗಳು ಹೆಚ್ಚಾಗಿ ಬಳಕೆಯಲ್ಲಿವೆ. ಒಂದು ತೂಕದ ಬಗೆಯದು. ಇನ್ನೊಂದರಲ್ಲಿ, ಒಂದೇ ವೇಗದಲ್ಲಿ ತಿರುಗುತ್ತಿರುವ ತಟ್ಟೆಯ ಮೇಲೆ ಧಾರೆ ಬಿದ್ದು ಅದನ್ನು ತಡೆಯುತ್ತದೆ. ವೇಗ ಕುಂದದಂತೆ ಕಾಪಾಡಲು ಮೋಟಾರಿಗೆ ಬೇಕಾಗುವ ಹೆಚ್ಚುವರಿ ಶಕ್ತಿಯೇ ಹರಿವಿನ ಅಳತೆಯಾಗುತ್ತದೆ.

ಇಲ್ಲಿ ಪ್ರಯೋಗಶಾಲೆಯ ಒಂದು ಹಳೆಯ ಪಾಠ ನೆನಪಿಗೆ ಬರುತ್ತದೆ. ತೂಕವನ್ನು ಅಳೆಯುವುದು ಸುಲಭ. ತೂಕ ಏರುವ ವೇಗವನ್ನು ಅಳೆಯುವುದು ಕಷ್ಟ. ತಕ್ಕಡಿಯು ೧ ಗ್ರಾಮಿನಷ್ಟು ತಪ್ಪುತ್ತದೆಯೆನ್ನಿ. ಸೆಕೆಂಡಿನ ಹತ್ತನೆಯ ಒಂದು ಭಾಗದ ಅಂತರದಲ್ಲಿ ಎರಡು ತೂಕಗಳನ್ನು ಓದಿ ಭಾಗಿಸಿದರೆ, ಆ ಒಂದು ಗ್ರಾಮಿನ ತಪ್ಪು ಹರಿವಿನಲ್ಲಿ ಸೆಕೆಂಡಿಗೆ ೧೦ ಮಿಲಿಲೀಟರಿನ ತಪ್ಪಾಗಿ ಬೆಳೆಯುತ್ತದೆ. ಅದನ್ನೇ ೨ ಸೆಕೆಂಡುಗಳ ಅಂತರದಲ್ಲಿ ಓದಿದರೆ ತಪ್ಪು ಅರ್ಧ ಮಿಲಿಲೀಟರಿಗೆ ಇಳಿಯುತ್ತದೆ. ಅಷ್ಟೇ ಅಲ್ಲದೆ, ಧಾರೆಯು ಆಲಿಕೆಯ ಗೋಡೆಯ ಮೇಲೆ ಅತ್ತಿತ್ತ ಸರಿದರೂ ಸಾಕು, ನಕ್ಷೆಯಲ್ಲಿ ಹುಸಿ ಶಿಖರವೊಂದು ಏಳುತ್ತದೆ. ೧೯೭೧ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಕಾಂಟಿನೆನ್ಸ್ ಸೊಸೈಟಿಯು ೨೦೦೨ರಲ್ಲಿ ಪ್ರಕಟಿಸಿದ ಮಾರ್ಗಸೂಚಿಗಳು ಇದೇ ಕಾರಣದಿಂದ ೨ ಸೆಕೆಂಡುಗಳ ಸರಾಸರಿಯನ್ನು ತೆಗೆದುಕೊಳ್ಳಬೇಕೆಂದೂ, ಗರಿಷ್ಠ ಹರಿವನ್ನು ಪೂರ್ಣ ಸಂಖ್ಯೆಯಲ್ಲಿಯೇ ಬರೆಯಬೇಕೆಂದೂ ಹೇಳಿದವು. ಯಂತ್ರವು ದಶಾಂಶ ಬಿಂದುವಿನ ಮುಂದೆ ಎರಡು ಅಂಕಿಗಳನ್ನು ಮುದ್ರಿಸಿದ ಮಾತ್ರಕ್ಕೆ ಅವೆರಡೂ ಸತ್ಯವೆಂದು ನಂಬತಕ್ಕದ್ದಲ್ಲ.

ಸರಿಯಾಗಿ ಬರೆಸಿದ ನಕ್ಷೆಯು ಆರೋಗ್ಯವಂತರಲ್ಲಿ ಗಂಟೆಯ ಆಕಾರದ ನುಣುಪಾದ ಒಂದು ದಿಣ್ಣೆ. ಹರಿವು ಬೇಗನೆ ಏರಿ, ಶಿಖರವನ್ನು ಮುಟ್ಟಿ, ನಿಧಾನವಾಗಿ ಇಳಿಯುತ್ತದೆ. ಸ್ತ್ರೀಯರಲ್ಲಿ ಶಿಖರವು ಸೆಕೆಂಡಿಗೆ ೨೦ ರಿಂದ ೩೦ ಮಿಲಿಲೀಟರಿನ ಆಸುಪಾಸಿನಲ್ಲಿರುವುದು ಸಾಮಾನ್ಯ. ದಿಣ್ಣೆಯು ತಗ್ಗಾಗಿ ಉದ್ದಕ್ಕೆ ಹರಡಿದ್ದರೆ, ಅಥವಾ ಹಲವು ತುಂಡುಗಳಾಗಿ ಒಡೆದಿದ್ದರೆ, ವೈದ್ಯರು ಮುಂದಿನ ಪರೀಕ್ಷೆಯನ್ನು ಯೋಚಿಸುತ್ತಾರೆ. ಆದರೆ ಹರಿವು ಕಡಿಮೆಯೆಂದು ತಿಳಿದ ಮಾತ್ರಕ್ಕೆ ಕಾರಣ ತಿಳಿದಂತಾಗಲಿಲ್ಲ. ವಿದ್ಯುನ್ಮಂಡಲದಲ್ಲಿ ಪ್ರವಾಹ ಕುಗ್ಗಿದರೆ ಬ್ಯಾಟರಿಯು ದುರ್ಬಲವಾಗಿರಬಹುದು, ಇಲ್ಲವೆ ರೋಧವು ಹೆಚ್ಚಾಗಿರಬಹುದು. ಹಾಗೆಯೇ ಇಲ್ಲಿ ಮೂತ್ರಾಶಯದ ಸ್ನಾಯು ಸೋತಿರಬಹುದು, ಇಲ್ಲವೆ ದಾರಿಯು ಇಕ್ಕಟ್ಟಾಗಿರಬಹುದು. ಅದನ್ನು ಬಿಡಿಸಿ ತಿಳಿಯಲು ಒತ್ತಡವನ್ನೂ ಅಳೆಯಬೇಕು. ಹರಿವಿನ ಪರೀಕ್ಷೆಯ ಹಿರಿಮೆಯೆಂದರೆ ಅದು ನೋವಿಲ್ಲದ್ದು, ಅಗ್ಗವಾದದ್ದು, ಸೂಜಿಯನ್ನಾಗಲಿ ನಳಿಕೆಯನ್ನಾಗಲಿ ದೇಹಕ್ಕೆ ಸೋಕಿಸದೆ ಮಾಡತಕ್ಕದ್ದು. ಅದು ಬಾಗಿಲಲ್ಲಿ ಕುಳಿತ ಕಾವಲುಗಾರನೇ ಹೊರತು ತೀರ್ಪು ಕೊಡುವ ನ್ಯಾಯಾಧೀಶನಲ್ಲ.

ಕಾವಲುಗಾರನಿಗೆ ಮನೆಯವರು ಯಾರು, ಪರರು ಯಾರು ಎಂಬುದು ತಿಳಿದಿರಬೇಕಲ್ಲವೆ? ಅಂದರೆ, ಸಹಜವಾದುದು ಯಾವುದೆಂಬುದು ಮೊದಲು ನಿಶ್ಚಯವಾಗಬೇಕು. ಇಲ್ಲಿಯೇ ನನ್ನ ಆಕ್ಷೇಪಣೆ ಇರುವುದು. ವಯಸ್ಸಾದ ಪುರುಷರಲ್ಲಿ ಪ್ರಾಸ್ಟೇಟ್ ಗ್ರಂಥಿಯು ದಪ್ಪವಾಗಿ ನಾಳವನ್ನು ಒತ್ತುವುದು ಸಾಮಾನ್ಯವಾದುದರಿಂದ, ವೈದ್ಯರ ಗಮನವು ಬಹುಕಾಲ ಪುರುಷರ ಕಡೆಗೇ ಹರಿಯಿತು. ೧೯೭೯ರಲ್ಲಿ ಬಾಸ್ಟನ್ನಿನಲ್ಲಿ ಸಿರೋಕಿ ಮತ್ತು ಸಂಗಡಿಗರು ಪ್ರಕಟಿಸಿದ ಹೆಸರಾಂತ ಹರಿವಿನ ನಕ್ಷೆಯು ಪುರುಷರದು. ಸ್ತ್ರೀಯರನ್ನು ಯಾರೂ ಅಳೆಯಲಿಲ್ಲವೆಂದಲ್ಲ. ಸ್ವೀಡನ್ನಿನಲ್ಲಿ ಬ್ಯಾಕ್‌ಮನ್, ಫಾನ್ ಗಾರೆಲ್ಟ್ಸ್ ಮೊದಲಾದವರು ೧೯೬೬ರಲ್ಲಿಯೇ ಆರೋಗ್ಯವಂತ ಸ್ತ್ರೀಯರ ಒತ್ತಡ ಮತ್ತು ಹರಿವುಗಳನ್ನು ಕುರಿತು ಬರೆದಿದ್ದರು. ಆದರೆ ಸ್ತ್ರೀಪುರುಷರಿಬ್ಬರಿಗೂ ಬೇರೆ ಬೇರೆಯಾಗಿ, ಹೆಚ್ಚಿನ ಸಂಖ್ಯೆಯಲ್ಲಿ ಅಳೆದು ಮಾಡಿದ ಲಿವರ್‌ಪೂಲ್ ನಕ್ಷೆಗಳನ್ನು ಹೇಲನ್ ಮತ್ತು ಸಂಗಡಿಗರು ಪ್ರಕಟಿಸಿದ್ದು ೧೯೮೯ರಲ್ಲಿ. ಡ್ರೇಕರ ಉಪಕರಣದಿಂದ ಅಲ್ಲಿಯವರೆಗೆ ೪೧ ವರ್ಷಗಳು ಕಳೆದಿದ್ದವು. ಸ್ತ್ರೀಯರ ನಾಳವು ಚಿಕ್ಕದು, ಹರಿವು ಸಾಮಾನ್ಯವಾಗಿ ಹೆಚ್ಚಿನದು. ಪುರುಷರ ಅಳತೆಗೋಲಿನಲ್ಲಿ ಸರಿಯೆಂದು ಕಾಣುವ ಹರಿವು ಸ್ತ್ರೀಯೊಬ್ಬಳಲ್ಲಿ ತೊಂದರೆಯ ಮೊದಲ ಸೂಚನೆಯಾಗಿರಬಹುದು. ಪರರ ಅಳತೆಯ ಅಂಗಿಯನ್ನು ತೊಡಿಸಿ, ದೇಹವೇ ಸರಿಯಿಲ್ಲವೆಂದೋ ಎಲ್ಲವೂ ಸರಿಯಿದೆಯೆಂದೋ ಹೇಳುವುದು ವಿಜ್ಞಾನವಲ್ಲ.

ಲಿವರ್‌ಪೂಲಿನಲ್ಲಿ ೧೬ ರಿಂದ ೬೩ ವರ್ಷ ವಯಸ್ಸಿನ ೨೪೯ ಮಂದಿ ಸ್ತ್ರೀಯರನ್ನೂ, ೧೬ ರಿಂದ ೬೪ ವರ್ಷ ವಯಸ್ಸಿನ ೩೩೧ ಮಂದಿ ಪುರುಷರನ್ನೂ ಏಕಾಂತದಲ್ಲಿ ಪರೀಕ್ಷಿಸಿದರು. ಹರಿವು ಮೂತ್ರದ ಗಾತ್ರವನ್ನು ಬಲವಾಗಿ ಅವಲಂಬಿಸಿದೆಯೆಂಬುದು ಎರಡು ಗುಂಪುಗಳಲ್ಲಿಯೂ ಕಂಡುಬಂದಿತು. ಪುರುಷರಲ್ಲಿ ವಯಸ್ಸಿನೊಡನೆ ಹರಿವು ಇಳಿಯಿತು. ಸ್ತ್ರೀಯರಲ್ಲಿ ವಯಸ್ಸಿನಿಂದಾಗಲಿ ಹೆರಿಗೆಗಳ ಸಂಖ್ಯೆಯಿಂದಾಗಲಿ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ಹರಿವು ಗಾತ್ರದ ವರ್ಗಮೂಲವನ್ನು ಅನುಸರಿಸುತ್ತದೆಂದು ಅದುವರೆಗೆ ಬಳಸುತ್ತಿದ್ದ ಸರಳ ಸೂತ್ರವೂ ನಿಖರವಲ್ಲವೆಂದು ತಿಳಿಯಿತು. ಆದುದರಿಂದ “ಸಹಜ ಹರಿವು ಎಷ್ಟು?” ಎಂಬ ಪ್ರಶ್ನೆಗೆ ಒಂದೇ ಸಂಖ್ಯೆಯ ಉತ್ತರವಿಲ್ಲ. ಎಷ್ಟು ಗಾತ್ರಕ್ಕೆ ಎಷ್ಟು ಹರಿವು ಎಂಬ ವಕ್ರರೇಖೆಯೇ ಅದರ ಉತ್ತರ.

ಆ ವಕ್ರರೇಖೆಗಳನ್ನು ಓದುವಾಗಲೂ ಎಚ್ಚರ ಬೇಕು. ನಕ್ಷೆಯಲ್ಲಿ ಹತ್ತನೆಯ ರೇಖೆಯೆಂದು ಒಂದಿರುತ್ತದೆ. ನೂರು ಮಂದಿ ಆರೋಗ್ಯವಂತರಲ್ಲಿ ಹತ್ತು ಮಂದಿಯ ಹರಿವು ಅದರ ಕೆಳಗಿರುತ್ತದೆಂಬುದು ಅದರ ಅರ್ಥ. ಆ ಹತ್ತು ಮಂದಿಯೂ ಆರೋಗ್ಯವಂತರೇ! ರೇಖೆಯ ಕೆಳಗೆ ಬಿದ್ದವರೆಲ್ಲ ರೋಗಿಗಳೆಂದು ತಿಳಿಯುವುದು, ತರಗತಿಯಲ್ಲಿ ಗಿಡ್ಡರಾದ ಹತ್ತು ಹುಡುಗಿಯರಿಗೆಲ್ಲ ಕಾಯಿಲೆಯಿದೆಯೆಂದು ಹೇಳಿದಂತೆ. ಸಂಶಯ ಬಂದರೆ ಮತ್ತೊಮ್ಮೆ ಅಳೆಯಬೇಕು; ೧೫೦ ಮಿಲಿಲೀಟರಿಗಿಂತ ಕಡಿಮೆಯಾದ ಗಾತ್ರವನ್ನು ನೆಚ್ಚಬಾರದು; ಮೂತ್ರಾಶಯದಲ್ಲಿ ಎಷ್ಟು ಉಳಿಯಿತೆಂಬುದನ್ನೂ ನೋಡಬೇಕು.

ಇನ್ನು ಭಂಗಿಯ ವಿಷಯ. ೧೯೯೧ರಲ್ಲಿ ಇಂಗ್ಲೆಂಡಿನಲ್ಲಿ ಮೂರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಉಲ್ಲೇಖಾರ್ಹ. ಅವರು ಪ್ರಶ್ನಿಸಿದ ೫೨೮ ಸ್ತ್ರೀಯರಲ್ಲಿ ನೂರಕ್ಕೆ ೮೫ ಮಂದಿ, ಸಾರ್ವಜನಿಕ ಶೌಚಾಲಯದ ಪೀಠವನ್ನು ಮುಟ್ಟಲು ಅಸಹ್ಯಪಟ್ಟು, ಅದರ ಮೇಲೆ ಕೂರದೆ ಅರೆಬಾಗಿ ನಿಲ್ಲುತ್ತಿದ್ದರು. ಹಾಗೆ ಅರೆಬಾಗಿದಾಗ ಸರಾಸರಿ ಹರಿವು ನೂರಕ್ಕೆ ೨೧ರಷ್ಟು ಕುಗ್ಗಿತು. ಮೂತ್ರಾಶಯದಲ್ಲಿ ಉಳಿದ ಮೂತ್ರವು ನೂರಕ್ಕೆ ೧೪೯ರಷ್ಟು ಹೆಚ್ಚಿತು. ತೊಡೆ ಮತ್ತು ಸೊಂಟದ ಸ್ನಾಯುಗಳು ದೇಹದ ಭಾರವನ್ನು ಹೊತ್ತು ಬಿಗಿದುಕೊಂಡಿರುವಾಗ ಕೆಳಗಿನ ಸ್ನಾಯುಗಳು ಪೂರ್ತಿಯಾಗಿ ಸಡಿಲಗೊಳ್ಳಲಾರವು. ನಮ್ಮ ಹಳ್ಳಿಗಳ ರೂಢಿಯಂತೆ ಕುಕ್ಕರುಗಾಲಿನಲ್ಲಿ ಪೂರ್ತಿಯಾಗಿ ಕುಳಿತುಕೊಳ್ಳುವುದು ಇದಕ್ಕಿಂತ ಬೇರೆಯೇ ಆದ ಭಂಗಿ. ಎರಡನ್ನೂ ಒಂದೆಂದು ಎಣಿಸಬಾರದು. ಆದರೆ ಗಮನಿಸಬೇಕಾದ ಅಂಶ ಒಂದಿದೆ: ಕೊಳಕು ಶೌಚಾಲಯವೆಂಬುದು ಕೇವಲ ಮೂಗಿಗೆ ಸಂಬಂಧಿಸಿದ ವಿಷಯವಲ್ಲ; ಅದು ದೇಹದೊಳಗಿನ ದ್ರವದ ಗತಿಯನ್ನೇ ಬದಲಾಯಿಸುತ್ತದೆ.

ಜನ್ಮವಿಡೀ ಕುಕ್ಕರುಗಾಲಿನಲ್ಲಿ ಕುಳಿತು ರೂಢಿಯಾದ ಸ್ತ್ರೀಯನ್ನು ಆಸ್ಪತ್ರೆಯಲ್ಲಿ ಕುರ್ಚಿಯಂಥ ಪೀಠದ ಮೇಲೆ ಕೂರಿಸಿ, ಪರದೆಯಾಚೆ ಜನರು ಓಡಾಡುತ್ತಿರುವಾಗ ಅಳೆದ ಹರಿವು ಅವಳ ಸಹಜ ಹರಿವೆ? ಈ ಪ್ರಶ್ನೆಗೆ ಉತ್ತರವನ್ನು ಲಿವರ್‌ಪೂಲಿನಿಂದ ತರಿಸಲಾಗದು. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಯ ವೈದ್ಯರು ೨೦೦೯ರಲ್ಲಿ ಆರೋಗ್ಯವಂತ ಸ್ತ್ರೀಯರ ಹರಿವನ್ನು ಅಳೆದು, ಗಾತ್ರಕ್ಕೆ ತಕ್ಕ ಹರಿವಿನ ನಕ್ಷೆಯನ್ನೂ, ಗಾತ್ರದ ಪ್ರಭಾವವನ್ನು ಕಳೆದು ವಯಸ್ಸಿಗೆ ತಕ್ಕ ನಕ್ಷೆಯನ್ನೂ ಪ್ರಕಟಿಸಿದ್ದು ಶ್ಲಾಘನೀಯ. ಇಂಥ ಕೆಲಸವು ಒಂದೇ ನಗರಕ್ಕೆ ನಿಲ್ಲಬಾರದು. ನಮ್ಮ ವೈದ್ಯಕೀಯ ಕಾಲೇಜುಗಳೂ ಜಿಲ್ಲಾ ಆಸ್ಪತ್ರೆಗಳೂ ಇದನ್ನು ಕೈಗೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಅಳತೆಯು ಬಾಗಿಲು ಹಾಕಿದ ಕೋಣೆಯಲ್ಲಿ, ಸ್ತ್ರೀ ಸಿಬ್ಬಂದಿಯ ನೆರವಿನಿಂದ, ಪ್ರತಿಯೊಬ್ಬರ ಒಪ್ಪಿಗೆ ಪಡೆದು ನಡೆಯಬೇಕು. ವಯಸ್ಸು ಮತ್ತು ಗಾತ್ರಗಳೊಡನೆ ಭಂಗಿಯನ್ನೂ ಬರೆದಿಡಬೇಕು. ತಿಳಿದವರು ರಕ್ತದಾನ ಮಾಡುವಂತೆ, ಆರೋಗ್ಯವಂತರು ತಮ್ಮ ಆರೋಗ್ಯದ ಅಳತೆಯನ್ನು ವಿಜ್ಞಾನಕ್ಕೆ ಕೊಡುವುದೂ ಒಂದು ದಾನವೇ.

“ನಾಚಿಕೆಯು ಸ್ತ್ರೀಯರಿಗೆ ಭೂಷಣ, ಇಂಥ ವಿಷಯಗಳನ್ನು ಪತ್ರಿಕೆಯಲ್ಲಿ ಎತ್ತುವುದೇಕೆ?” ಎನ್ನುವವರು ಇನ್ನೂ ಇದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೆ: ಮರ್ಯಾದೆ ಬೇರೆ, ಮೌನ ಬೇರೆ. ಏಕಾಂತವನ್ನು ಕಾಪಾಡುವುದು ಮರ್ಯಾದೆ. ನೋವನ್ನು ಮುಚ್ಚಿಡುವಂತೆ ಮಾಡುವುದು ಮರ್ಯಾದೆಯಲ್ಲ. ಉರಿಯಾಗಲಿ, ತಡೆತಡೆದು ಹೋಗುವುದಾಗಲಿ, ಪೂರ್ತಿ ಬರಿದಾಗದ ಅನುಭವವಾಗಲಿ ಇದ್ದ ಹುಡುಗಿಯು ಅದನ್ನು ತಾಯಿಯ ಹತ್ತಿರವೂ ಹೇಳಲು ಅಂಜಿದರೆ ಎಂಥ ಉಪಕರಣವಿದ್ದೂ ಪ್ರಯೋಜನವಿಲ್ಲ.

ಈ ಮೌನಕ್ಕೆ ಇನ್ನೊಂದು ಮುಖವೂ ಉಂಟು. ದೂರದ ಊರಿನಿಂದ ಬೆಳಿಗ್ಗೆಯ ಬಸ್ಸು ಹತ್ತಿ ಕಾಲೇಜಿಗೆ ಬರುವ ವಿದ್ಯಾರ್ಥಿನಿಯರಲ್ಲಿ ಅನೇಕರು ನೀರು ಕುಡಿಯದೆಯೇ ದಿನವನ್ನು ಕಳೆಯುತ್ತಾರೆಂಬುದು ಅಧ್ಯಾಪಕರೆಲ್ಲರೂ ಬಲ್ಲ ಸಂಗತಿ. ಕುಡಿದರೆ ಹೋಗಬೇಕಾಗುತ್ತದೆ, ಹೋಗುವಂಥ ಸ್ಥಳವಿಲ್ಲ, ಇದ್ದರೂ ನೀರಿಲ್ಲ ಅಥವಾ ಅಗುಳಿಯಿಲ್ಲ. ೨೦೧೮ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಪದೇ ಪದೇ ಮೂತ್ರಾಶಯದ ಸೋಂಕಿಗೆ ತುತ್ತಾಗುತ್ತಿದ್ದ ಮತ್ತು ಕಡಿಮೆ ನೀರು ಕುಡಿಯುತ್ತಿದ್ದ ೧೪೦ ಸ್ತ್ರೀಯರನ್ನು ಎರಡು ಗುಂಪುಗಳನ್ನಾಗಿ ಮಾಡಿ, ಒಂದು ಗುಂಪಿಗೆ ದಿನಕ್ಕೆ ಒಂದೂವರೆ ಲೀಟರು ನೀರನ್ನು ಹೆಚ್ಚಾಗಿ ಕುಡಿಯುವಂತೆ ಹೇಳಿದರು. ಒಂದು ವರ್ಷದಲ್ಲಿ ಆ ಗುಂಪಿನವರಿಗೆ ಸರಾಸರಿ ೧.೭ ಬಾರಿ ಸೋಂಕು ತಗುಲಿದರೆ, ಮತ್ತೊಂದು ಗುಂಪಿನವರಿಗೆ ೩.೨ ಬಾರಿ ತಗುಲಿತು. ಔಷಧವಲ್ಲ, ಬರಿಯ ನೀರು! ಆದರೆ ಶೌಚಾಲಯವಿಲ್ಲದ ಕಡೆ “ನೀರು ಕುಡಿಯಿರಿ” ಎಂದು ಉಪದೇಶಿಸುವುದು ಅಣಕವಾಗುತ್ತದೆ. ಎಲ್ಲ ಶಾಲೆಗಳಲ್ಲಿಯೂ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ಆರು ತಿಂಗಳೊಳಗೆ ಶೌಚಾಲಯವನ್ನು ಒದಗಿಸಬೇಕೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು ೨೦೧೨ರ ಅಕ್ಟೋಬರಿನಲ್ಲಿಯೇ ಆದೇಶಿಸಿತು. ಕಟ್ಟಡವನ್ನು ಕಟ್ಟಿದ ದಿನಕ್ಕೆ ಆ ಕರ್ತವ್ಯವು ಮುಗಿಯುವುದಿಲ್ಲ. ಅದರೊಳಗೆ ನೀರು, ಬೆಳಕು, ಅಗುಳಿ, ಸ್ವಚ್ಛತೆಗಳು ಪ್ರತಿದಿನವೂ ಇರಬೇಕು. ಕಾಲೇಜಿನ ಪ್ರಯೋಗಶಾಲೆಯನ್ನು ಪರಿಶೀಲಿಸಲು ಬರುವವರು ಶೌಚಾಲಯದ ಕಡೆಗೂ ನಾಲ್ಕು ಹೆಜ್ಜೆ ಹಾಕಲಿ.

ವಿದ್ಯಾರ್ಥಿಗಳು ಮಾಡಬಹುದಾದುದೂ ಇದೆ. ಗಡಿಯಾರವನ್ನೂ ಅಳತೆಯ ಜಾಡಿಯನ್ನೂ ಬಳಸಬಲ್ಲವರು ತಮ್ಮ ಸರಾಸರಿ ಹರಿವನ್ನು ಮನೆಯಲ್ಲಿಯೇ ತಿಳಿಯಬಹುದು: ೩೦೦ ಮಿಲಿಲೀಟರಿಗೆ ೨೦ ಸೆಕೆಂಡು ಹಿಡಿದರೆ ಅದು ಸೆಕೆಂಡಿಗೆ ೧೫. ಇದು ಸರಾಸರಿಯೇ ಹೊರತು ಶಿಖರವಲ್ಲ. ಇದರಿಂದ ರೋಗನಿರ್ಣಯವೂ ಆಗದು. ಆದರೆ ತನ್ನ ದೇಹವನ್ನು ಅಂಜದೆ ಅಳೆದು ನೋಡುವ ಅಭ್ಯಾಸಕ್ಕೆ ಇದು ಮೊದಲ ಪಾಠವಾಗಬಹುದು. ೨೦೧೪ರಲ್ಲಿ ಅಮೆರಿಕದ ಸಂಶೋಧಕರು ಅಟ್ಲಾಂಟಾದ ಮೃಗಾಲಯದಲ್ಲಿ ಅಳತೆ ಮಾಡಿ, ೩ ಕಿಲೋಗ್ರಾಮಿಗಿಂತ ಭಾರವಾದ ಸಸ್ತನಿಗಳೆಲ್ಲವೂ ಸುಮಾರು ೨೧ ಸೆಕೆಂಡುಗಳಲ್ಲಿ, ೧೩ ಸೆಕೆಂಡು ಹೆಚ್ಚುಕಡಮೆಯಾಗಿ, ಮೂತ್ರಾಶಯವನ್ನು ಬರಿದುಮಾಡುತ್ತವೆಂದು ಕಂಡುಹಿಡಿದರು. ಆನೆಯ ಮೂತ್ರಾಶಯವು ಬೆಕ್ಕಿನದಕ್ಕಿಂತ ಸಾವಿರಾರು ಪಟ್ಟು ದೊಡ್ಡದಾದರೂ, ಅದರ ನಾಳವು ಉದ್ದವಾಗಿರುವುದರಿಂದ ಗುರುತ್ವದ ಸೆಳೆತವು ಹೆಚ್ಚಿ ಹರಿವು ವೇಗವಾಗುತ್ತದೆ. ಮರುವರ್ಷ ಅವರಿಗೆ ನಗೆ ಬರಿಸುವ ಸಂಶೋಧನೆಗಳಿಗೆಂದು ಮೀಸಲಾದ ಇಗ್ ನೊಬೆಲ್ ಬಹುಮಾನ ದೊರೆಯಿತು. ಜಗತ್ತು ನಕ್ಕಿತು, ನಕ್ಕ ಮೇಲೆ ಯೋಚಿಸಿತು.

ಆನೆಯ ಹರಿವನ್ನು ಅಳೆಯಲು ನಾಚದ ಮನುಷ್ಯನು ತನ್ನ ತಾಯಿಯ, ತಂಗಿಯ, ಮಗಳ ಆರೋಗ್ಯದ ಅಳತೆಗೆ ನಾಚಬೇಕಾಗಿಲ್ಲ. ಅಳೆಯದೆ ಬಿಟ್ಟದ್ದನ್ನು ಸಹಜವೆಂದು ಕರೆಯುವ ಅಧಿಕಾರವು ವಿಜ್ಞಾನಕ್ಕಿಲ್ಲ. ಮೊದಲು ಅಳೆಯೋಣ, ಅಳೆಯುವವರೆಗೆ ನಮ್ಮ ಹೆಣ್ಣುಮಕ್ಕಳಿಗೆ ಕುಡಿಯಲು ನೀರನ್ನೂ, ಅಂಜದೆ ಹೋಗಿಬರುವಂಥ ಒಂದು ಶುಚಿಯಾದ ಸ್ಥಳವನ್ನೂ ಒದಗಿಸೋಣ.